ಸೆರಗು ಬಿಗಿ ಹಿಡಿದ ಕೈ

ನ್ಯೂಯಾರ್ಕ್‌ನ ಬ್ರೂಕ್ಲಿನ್‌ನ ಬರೋ ಪಾರ್ಕ್‌ನಲ್ಲಿ 'ಎಜ್ರಾಸ್ ನಾಶಿಂ' ಅಂತ ಒಂದು ತುರ್ತು ವೈದ್ಯಕೀಯ ಸೇವೆ ಇದೆ. ಹಸಿದಿಕ್ ಅನ್ನೋ ಕಟ್ಟಾ ಸಂಪ್ರದಾಯದ ಯಹೂದಿ ಪಂಗಡದ ಹೆಂಗಸರೇ, ಹೆಂಗಸರಿಗಾಗಿ 2014ರಲ್ಲಿ ಶುರು ಮಾಡಿದ್ದು. ಎರಡು ದಿನದಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ.

ಅಲ್ಲಿ ಮೊದಲಿಂದಲೂ ಹತ್ಸಾಲಾ ಅಂತ ಸಮುದಾಯದ್ದೇ ಆಂಬುಲೆನ್ಸ್ ಇದೆ, ಬೇಗ ಬರುತ್ತಾರೆ, ನಿಜಕ್ಕೂ ಒಳ್ಳೆ ಕೆಲಸ. ಆದರೆ ಬರುವವರೆಲ್ಲ ಗಂಡಸರು. ಮದುವೆಯಾದ ಮೇಲೆ ತಲೆಗೂದಲನ್ನೂ ಮುಚ್ಚಿಕೊಳ್ಳುವ ಹೆಂಗಸಿಗೆ ಮನೆಯಲ್ಲೇ ದಿಢೀರ್ ಹೆರಿಗೆ ಆಗುತ್ತಿದೆ ಅಂದುಕೊಳ್ಳಿ, ಓಡಿ ಬಂದವನು ಪಕ್ಕದ ಬೀದಿಯವನು, ನಾಳೆ ಅಂಗಡಿಯಲ್ಲಿ ಎದುರಾಗುವವನು. ಜೀವ ಉಳಿಸೋಕೆ ಯಾರು ಮುಟ್ಟಿದರೂ ಧರ್ಮದ ಅಡ್ಡಿಯಿಲ್ಲ, ಸರಿ. ನಾಚಿಕೆ ಅಷ್ಟಕ್ಕೇ ಹೋಗಿಬಿಡುತ್ತಾ?

ಎಜ್ರಾಸ್ ನಾಶಿಂ ಕಟ್ಟಿದ ರೂಚಿ ಫ್ರೈಯರ್ ಆರು ಮಕ್ಕಳ ತಾಯಿ, ವಕೀಲೆ, 2016ರಲ್ಲಿ ಚುನಾವಣೆ ಗೆದ್ದು ಜಡ್ಜ್ ಕೂಡ ಆದರು. ಸಮುದಾಯದೊಳಗೇ ವಿರೋಧ ಜಾಸ್ತಿ ಇತ್ತು. ಆದರೂ ಬಿಡಲಿಲ್ಲ, 2020ರಲ್ಲಿ ಸ್ವಂತ ಆಂಬುಲೆನ್ಸ್‌ಗೂ ಅನುಮತಿ ಸಿಕ್ಕಿತು. ಇಲ್ಲಿನ ಹೆಂಗಸರು ಉದ್ದ ಲಂಗ, ತುಂಬು ತೋಳಿನ ಅಂಗಿ ಹಾಕಿಕೊಂಡೇ ಓಡುತ್ತಾರೆ.

ನನಗೆ ನೆನಪಾಗಿದ್ದು ನಮ್ಮಜ್ಜಿ. ಇಸಿಜಿ ತೆಗೆಯೋಕೆ ಹುಡುಗನೊಬ್ಬ ಬಂದಾಗ ರವಿಕೆಯ ಮೇಲಿನ ಸೆರಗನ್ನು ಎರಡೂ ಕೈಯಲ್ಲಿ ಬಿಗಿ ಹಿಡಿದುಕೊಂಡಿದ್ದರು. ಎದೆನೋವಲ್ಲೂ ಬಿಡಲಿಲ್ಲ. "ಅಜ್ಜಿ, ಈ ವಯಸ್ಸಲ್ಲಿ ಏನು" ಅಂತ ನಾನೇ ಗದರಿದ್ದೆ, ಅದು ಈಗಲೂ ಚುಚ್ಚುತ್ತದೆ. ಆಮೇಲೆ ನರ್ಸ್ ಒಬ್ಬರು ಬಂದು ಪರದೆ ಎಳೆದು, "ನಾನೇ ಹಚ್ಚುತ್ತೀನಿ ಅಮ್ಮ" ಅಂದರು. ಅಜ್ಜಿಯ ಬೆರಳುಗಳು ಒಂದೊಂದಾಗಿ ಸಡಿಲವಾದವು.