ಚಪ್ಪಲಿಗೆ ತಕ್ಕ ಕಾಲು

2019ರ ನವೆಂಬರಿನಲ್ಲಿ ನಮ್ಮ ಮಿಲ್ಟ್ರಿ ಕಾಕಾ ಹೊಸ ಕಾಲು ಹಾಕಿಸಿಕೊಳ್ಳಲೆಂದು ಅಥಣಿಯ ಬಸ್ಸಿನಲ್ಲಿ ಪುಣೆಯ ಸ್ವಾರಗೇಟಿಗೆ ಬಂದಿಳಿದಾಗ ಅವರ ಚೀಲದಲ್ಲಿ ಎರಡು ಜೊತೆ ಬಟ್ಟೆ, ಪಲ್ಟನ್ನಿನ ಹಳೆಯ ಕಾಗದಗಳು, ಕಾಕು ಕಟ್ಟಿಕೊಟ್ಟ ಶೇಂಗಾ ಹೋಳಿಗೆ ಮತ್ತು ಪೇಪರಿನಲ್ಲಿ ಸುತ್ತಿದ ಒಂದು ಜೊತೆ ಚರ್ಮದ ಚಪ್ಪಲಿ ಇದ್ದವು. ಕಾಲಲ್ಲಿ ಬೂಟು ಇರುವಾಗ ಈ ಚಪ್ಪಲಿ ಏಕೆಂದು ಕೇಳಿದ್ದಕ್ಕೆ, "ಅದರ ಸಲುವಾಗೇ ಬಂದೇನಿ, ತಮ್ಮಾ" ಎಂದಷ್ಟೇ ಹೇಳಿ ಆಟೋ ಹತ್ತಿದರು.

ಕಾಕಾನ ಬಲಗಾಲು ಮೊಣಕಾಲಿನ ಕೆಳಗೆ ಇಲ್ಲ. 1971ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ, ಡಿಸೆಂಬರ್ 11ರಂದು ಬೆಳಿಗ್ಗೆ, ಇಂದಿನ ಬಾಂಗ್ಲಾದೇಶದ ಜಮಾಲ್‌ಪುರದ ಹೊರಗೆ, ಅದು ನೆಲಬಾಂಬಿಗೆ ಹೋಯಿತು. ಆಗ ಅವರಿಗೆ 21 ವರ್ಷ. ಪುಣೆಯ ವಾನವಡಿಯಲ್ಲಿ ಕೃತಕ ಕಾಲು ಕೈ ಮಾಡಿಕೊಡುವ ಆರ್ಟಿಫಿಶಿಯಲ್ ಲಿಂಬ್ ಸೆಂಟರ್, ಅಂದರೆ ಫೌಜಿನವರ ಬಾಯಲ್ಲಿ ಎ.ಎಲ್.ಸಿ., ಎರಡನೆಯ ಮಹಾಯುದ್ಧದ ಗಾಯಾಳುಗಳಿಗಾಗಿ 1944ರಲ್ಲಿ ಶುರುವಾದ ಸಂಸ್ಥೆ. 1972ರಲ್ಲಿ ಅವರು ಮೊದಲ ಸಲ ಅಲ್ಲಿಗೆ ಬಂದಾಗ ಕೊಟ್ಟ ಕಾಲು ಮರ ಮತ್ತು ಚರ್ಮದ್ದು. ಕೃಷ್ಣಾ ತೀರದ ಎರೆಮಣ್ಣಿನಲ್ಲಿ, ಮಳೆಗಾಲದಲ್ಲಿ, ಅದನ್ನು ಎಳೆದುಕೊಂಡು ಕಬ್ಬಿನ ಸಾಲು ದಾಟುವುದೆಂದರೆ ಏನೆಂಬುದನ್ನು ನೀರು ಹಾಯಿಸಿದವರೇ ಬಲ್ಲರು. ಈ ಸಲದ್ದು ಒಂಬತ್ತನೆಯ ಕಾಲು.

ಅಳತೆ, ಪ್ಲಾಸ್ಟರಿನ ಅಚ್ಚು, ಮೊದಲ ಜೋಡಣೆ ಇವಕ್ಕೆಲ್ಲ ಕೆಲವು ದಿನ ಹಿಡಿಯುವುದರಿಂದ ಅವರು ಅಲ್ಲಿಯ ವಾರ್ಡಿನಲ್ಲೇ ಉಳಿದರು. ನಾನು ಕೊನೆಯ ದಿನ ಮಾತ್ರ ಆಫೀಸಿಗೆ ರಜೆ ಹಾಕಿ ಹೋದೆ. ಕಾಲು ಕಟ್ಟುವ ತಂತ್ರಜ್ಞರು ಕಾಕಾನನ್ನು ಕುರ್ಚಿಯ ಮೇಲೆ ಕೂರಿಸಿ, ಮೊಂಡಿಗೆ ಹತ್ತಿಯ ಕಾಲುಚೀಲವನ್ನು ಒಂದೂ ಸುಕ್ಕಿಲ್ಲದಂತೆ ಎಳೆದು ಹಾಕುತ್ತಿದ್ದರು. ಸುಕ್ಕೊಂದು ಉಳಿದರೆ ಸಂಜೆಯೊಳಗೆ ಅಲ್ಲಿ ಬೊಬ್ಬೆ ಏಳುತ್ತದೆ, ಬೊಬ್ಬೆ ಒಡೆದರೆ ವಾರಗಟ್ಟಲೆ ಊರುಗೋಲೇ ಗತಿ. ಆಮೇಲೆ ಅವರು ಮರಾಠಿಯಲ್ಲಿ ಕೇಳಿದ ಮೊದಲ ಪ್ರಶ್ನೆ, "ಬಾಬಾ, ಊರಲ್ಲಿ ಕಾಲಿಗೆ ಏನು ಹಾಕುತ್ತೀರಿ?" ಎಂಬುದು. ಕಾಕಾ ಪೇಪರು ಬಿಚ್ಚಿ ಚಪ್ಪಲಿ ಮುಂದಿಟ್ಟರು.

ಅಥಣಿಯ ಚಪ್ಪಲಿ ಅದು. ಹೊರಗಿನವರು ಕೊಲ್ಹಾಪುರಿ ಎನ್ನುವುದರಲ್ಲಿ ಎಷ್ಟೋ ಪಾಲು ನಮ್ಮ ತಾಲೂಕಿನ ಮನೆಗಳಲ್ಲೇ ಹೊಲಿದದ್ದು. ಅದೇ ವರ್ಷ ಅದಕ್ಕೆ ಭೌಗೋಳಿಕ ಗುರುತು (ಜಿ.ಐ. ಟ್ಯಾಗ್) ಸಿಕ್ಕಾಗ ಮಹಾರಾಷ್ಟ್ರದ ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳ ಹೆಸರೂ ಸೇರಿತ್ತು. ಈ ಜೊತೆಯ ಎಡಗಾಲಿನದು ಎಲ್ಲರದರಂತೆಯೇ ಇತ್ತು. ಬಲಗಾಲಿನದಕ್ಕೆ ಮಾತ್ರ ಹಿಂದೆ ಹಿಮ್ಮಡಿಯನ್ನು ಸುತ್ತುವ ಪಟ್ಟಿಯೊಂದನ್ನು ಹೊಲಿದಿದ್ದರು. ರಬ್ಬರಿನ ಪಾದದ ಹೆಬ್ಬೆರಳು ಚಪ್ಪಲಿಯ ಉಂಗುಟವನ್ನು ಹಿಡಿದುಕೊಳ್ಳಲಾರದು, ಪಟ್ಟಿಯಿಲ್ಲದಿದ್ದರೆ ಚಪ್ಪಲಿ ನಾಲ್ಕನೆಯ ಹೆಜ್ಜೆಗೆ ಹಿಂದೆ ಉಳಿಯುತ್ತದೆ. ತಂತ್ರಜ್ಞರು ಆ ಪಟ್ಟಿಯನ್ನು ಎಳೆದು ನೋಡಿ ಹೊಲಿದವರನ್ನು ಮೆಚ್ಚಿಕೊಂಡು, ಚಪ್ಪಲಿಯ ಹಿಮ್ಮಡಿಯ ಎತ್ತರವನ್ನು ಅಳೆದರು. ಬೂಟಿನ ಎತ್ತರಕ್ಕೆ ಹೊಂದಿಸಿದ ಕಾಲಿಗೆ ಚಪ್ಪಟೆ ಚಪ್ಪಲಿ ಹಾಕಿದರೆ ಮೊಣಕಾಲು ಹಿಂದಕ್ಕೆ ತಳ್ಳಿದಂತಾಗುತ್ತದೆಯಂತೆ. ಹಿಂದಿನ ಕಾಲಿನಲ್ಲಿ ಕಾಕಾ ವರ್ಷಗಟ್ಟಲೆ ಪಟ್ಟ ಸೊಂಟನೋವಿನ ಕಾರಣ ನನಗೆ ಗೊತ್ತಾದದ್ದು ಆಗಲೇ.

"ಊರಾಗ ಕಾಲಿಗೆ ತಕ್ಕ ಚಪ್ಪಲಿ ಮಾಡ್ತಾರ, ಇಲ್ಲಿ ಚಪ್ಪಲಿಗೆ ತಕ್ಕ ಕಾಲ ಮಾಡ್ತಾರ ನೋಡು" ಎಂದು ಕಾಕಾ ನನ್ನ ಕಡೆ ತಿರುಗಿ ನಕ್ಕರು.

ಸ್ಕ್ರೂಗಳನ್ನು ಬಿಗಿ ಮಾಡಿ ತರಲು ತಂತ್ರಜ್ಞರು ಒಳಗೆ ಹೋದ ಆ ಒಂದು ಗಂಟೆಯಲ್ಲಿ ಕಾಕಾ ಯುದ್ಧದ ವಿಷಯ ತೆಗೆದರು. ನಾನು ಕೇಳಿರಲಿಲ್ಲ. ಊರಲ್ಲಿ ಆಗಸ್ಟ್ 15ಕ್ಕೆ ಶಾಲೆಯವರು ಕರೆದಾಗ ಅವರು ಎರಡು ಮಾತಾಡಿ ಕೂತುಬಿಡುವವರು. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರದಲ್ಲಿ ಭರ್ತಿಯಾಗಿ, ಅಲ್ಲಿಯ ತಾಲೀಮು ಮುಗಿಸಿ ಅವರು ಸೇರಿದ್ದು ಮೊದಲನೆಯ ಬಟಾಲಿಯನ್ನಿಗೆ, ಅಂದರೆ 1768ರಲ್ಲಿ ಹುಟ್ಟಿದ ಜಂಗಿ ಪಲ್ಟನ್ನಿಗೆ. ಆದರೆ ಅವರ ಮಾತಿನಲ್ಲಿ ಪಲ್ಟನ್ನಿನ ಚರಿತ್ರೆ ಇರಲಿಲ್ಲ, ನಡಿಗೆ ಇತ್ತು. ಡಿಸೆಂಬರ್ 4ರಂದು ಗಡಿಯ ಕಮಾಲ್‌ಪುರದಲ್ಲಿದ್ದ ಪಾಕಿಸ್ತಾನದ ಠಾಣೆ ಬಿದ್ದ ಮೇಲೆ ದಕ್ಷಿಣಕ್ಕೆ ನಡೆದದ್ದೇ ನಡೆದದ್ದು. ತುಂಬಿದ ಮ್ಯಾಗಜೀನಿನೊಂದಿಗೆ ಸುಮಾರು 5 ಕಿಲೋ ತೂಗುವ ಬಂದೂಕು, ಬೆನ್ನಿಗೆ ಗುದ್ದಲಿ, ಜೇಬಿನಲ್ಲಿ ಶಕ್ಕರಪಾರೆ, ಅಂದರೆ ನಮ್ಮ ದೀಪಾವಳಿಯ ಶಂಕರಪಾಳಿ. ಭಾರದ ಹತ್ಯಾರುಗಳನ್ನು ಆ ಸೀಮೆಯ ರೈತರು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದರಂತೆ. "ಎತ್ತು ಸಣ್ಣವು, ನಮ್ಮ ಖಿಲಾರಿಯ ಅರ್ಧ ಇಲ್ಲ, ಆದ್ರ ಹಟ ಬಾಳ" ಎಂದರು. ಯುದ್ಧಕ್ಕಿಂತ ಎತ್ತಿನ ಸುದ್ದಿಯನ್ನೇ ಅವರು ಹೆಚ್ಚು ಹೊತ್ತು ಹೇಳಿದರೆಂದು ಈಗ ಬರೆಯುವಾಗ ಅನ್ನಿಸುತ್ತದೆ.

ರಾತ್ರಿ ಬ್ರಹ್ಮಪುತ್ರ ದಾಟಿ ಜಮಾಲ್‌ಪುರದ ಹಿಂದೆ, ಟಾಂಗಾಯಿಲಿಗೆ ಹೋಗುವ ರಸ್ತೆಯ ಮಗ್ಗುಲಿಗೆ ಕುಳಿ ತೋಡಿ ಕೂತರು. ಊರೊಳಗೆ ಪಾಕಿಸ್ತಾನದ 31 ಬಲೂಚ್ ಪಲ್ಟನ್ನು. ನಮ್ಮ ಕಡೆಯ ಬ್ರಿಗೇಡಿಯರ್ ಕ್ಲೇರ್ ಅವರು ಶರಣಾಗಲು ಹೇಳಿ ಕಳಿಸಿದ ಪತ್ರಕ್ಕೆ ಆ ಕಡೆಯ ಕರ್ನಲ್ ಸುಲ್ತಾನ್ ಅಹ್ಮದ್ ಕಾಗದದಲ್ಲಿ ಒಂದು ಗುಂಡು ಸುತ್ತಿ ಉತ್ತರ ಕೊಟ್ಟ ಪ್ರಸಂಗ ಇವತ್ತು ಪುಸ್ತಕಗಳಲ್ಲಿದೆ. ಕುಳಿಯಲ್ಲಿದ್ದ ಸಿಪಾಯಿಗಳಿಗೆ ಅದರ ಸುಳಿವೂ ಇರಲಿಲ್ಲವಂತೆ. "ನಮಗ ಗೊತ್ತಿದ್ದದ್ದು ಮುಂದಿನವನ ಬೆನ್ನ ಅಷ್ಟ" ಎಂದರು ಕಾಕಾ. 10ರ ರಾತ್ರಿ ಆ ರಸ್ತೆಯಲ್ಲೇ ಒಳಗಿನವರು ಮುರಿದುಕೊಂಡು ಹೊರಡಲು ನೋಡಿದರು, ಬೆಳಗಾಗುವವರೆಗೂ ಮಷಿನ್‌ಗನ್ನು ನಿಲ್ಲಲಿಲ್ಲ. ಆ ರಾತ್ರಿಯ ಬಗ್ಗೆ ಅವರು ಹೇಳಿದ್ದು ಅಷ್ಟೇ. ಬೆಳಿಗ್ಗೆ ಬೆನ್ನು ನೆಟ್ಟಗೆ ಮಾಡೋಣವೆಂದು ಎದ್ದು, ಬಿದ್ದವನೊಬ್ಬನ ನೀರಿನ ಬಾಟಲಿಯ ಕಡೆಗೆ ನಾಲ್ಕು ಹೆಜ್ಜೆ ಇಟ್ಟರು. ಬಾಟಲಿ ನಮ್ಮವನದೋ ಅವರವನದೋ ಎಂದು ನಾನು ಕೇಳಿದೆ. "ನೀರಡಿಕೆ ಆಗಿತ್ತೋ, ತಮ್ಮಾ."

ಅದೇ ದಿನ ಟಾಂಗಾಯಿಲಿನಲ್ಲಿ ನಮ್ಮ ಪ್ಯಾರಾಶೂಟ್ ಪಲ್ಟನ್ನಾದ 2 ಪ್ಯಾರಾ ಆಕಾಶದಿಂದ ಇಳಿಯಿತು. ಅದೂ ಮೂಲದಲ್ಲಿ ಮರಾಠಾ ಪಲ್ಟನ್ನೇ. 16ರಂದು ಢಾಕಾ ಶರಣಾದ ಸುದ್ದಿಯನ್ನು ಕಾಕಾ ಆಸ್ಪತ್ರೆಯ ಹಾಸಿಗೆಯಲ್ಲಿ ರೇಡಿಯೋದಿಂದ ಕೇಳಿದರು. ಲೆಕ್ಕ ಹಾಕಿದರೆ ಅವರ ಯುದ್ಧ ಎಂಟು ದಿನದ್ದು.

ಕಾಲು ಬಂತು. ಎರಡು ಕಬ್ಬಿಣದ ಸರಳುಗಳ ನಡುವೆ ನಿಲ್ಲಿಸಿ ನಡೆಯಲು ಹೇಳಿದರು. ಬೂಟಿನಲ್ಲಿ ನಡೆಯುವಾಗ ಯಾವಾಗಲೂ ಸ್ವಲ್ಪ ಎಳೆದಂತೆ ಕೇಳುತ್ತಿದ್ದ ಬಲಗಾಲು ಇಲ್ಲಿ, ಚಪ್ಪಲಿಯಲ್ಲಿ, ಎಡಗಾಲಿನಷ್ಟೇ ಸದ್ದು ಮಾಡಿತು: ಚಟ್, ಚಟ್. ಹೊಸ ಚಪ್ಪಲಿಗೆ ಎಣ್ಣೆ ಕುಡಿಸದಿದ್ದರೆ ಬರುವ ಸದ್ದು ಅದು. ಕೊನೆ ಮುಟ್ಟಿ ಅವರು ತಿರುಗಿದ ರೀತಿ ಮಾತ್ರ ರೈತನದಾಗಿರಲಿಲ್ಲ. ಹಿಮ್ಮಡಿಯ ಮೇಲೆ ಗರಕ್ಕನೆ ತಿರುಗಿ ನಿಂತರು. ಆಧಾರಕ್ಕೆ ಸರಳು ಹಿಡಿಯಬೇಕಾಗಿ ಬಂದದ್ದಕ್ಕೆ ತಮ್ಮನ್ನೇ ಮರಾಠಿಯಲ್ಲಿ ಬೈದುಕೊಂಡರು. ತಂತ್ರಜ್ಞರು ಇನ್ನೊಂದು ಸಲ ಕಾಲನ್ನು ಬಿಚ್ಚಿಸಿ, ಮೊಂಡಿ ಎಲ್ಲಿ ಕೆಂಪಾಗಿದೆಯೆಂದು ಬೆರಳಾಡಿಸಿ ನೋಡಿ, ಹೊಸ ಕಾಲಿನ ಒಳಗೆ ಒಂದು ಕಡೆ ಉಜ್ಜಿ ಕೊಟ್ಟರು.

ಹಳೆಯ ಕಾಲನ್ನು ಅಲ್ಲೇ ಬಿಡಬಹುದೆಂದು ನಾನೆಂದೆ. ಕಾಕಾ ಒಪ್ಪಲಿಲ್ಲ. ಹೊಸದನ್ನು ಕೆಸರಿಗೆ ಇಳಿಸುವುದು ಅವರಿಗೆ ಮನಸ್ಸಿರಲಿಲ್ಲ: "ಇದು ಊರಾಗ ತಿರಗಾಕ, ಅದು ಹೊಲಕ್ಕ." ಗೋಣಿಚೀಲದಲ್ಲಿ ಅದನ್ನು ತುಂಬಿಕೊಂಡು ಸ್ವಾರಗೇಟಿಗೆ ಬಂದೆವು. ಅಥಣಿಯ ಬಸ್ಸಿನ ಕಂಡಕ್ಟರು ಸೀಟಿನ ಕೆಳಗೆ ತುರುಕಿದ ಚೀಲವನ್ನು ಕಾಲಲ್ಲಿ ಸರಿಸಿ ನೋಡಿದರು.

"ಇದರಾಗ ಏನೈತ್ರಿ, ಅಜ್ಜಾರ?"

"ಕಾಲ ಐತಿ."

"ಕುರೀದೇನ್ರಿ?"

"ಇಲ್ಲಪಾ, ನಂದ" ಎಂದು ಕಾಕಾ ಟಿಕೀಟಿಗೆ ದುಡ್ಡು ತೆಗೆದರು.