ಚೀಲಕ್ಕೆ ಎರಡು ಕಿಲೋ

ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ಲೆಕ್ಕ ಬರೆಯುವವನ, ಕೆಲಸಕ್ಕೆ ಸೇರಿ 9 ವರ್ಷಗಳಾದವು. ಅರೇಬಿಕಾ ಕುಯ್ಲಿನ ಕಾಲದಲ್ಲಿ ಸಂಜೆ ನಾಲ್ಕೂವರೆಯ ಹೊತ್ತಿಗೆ ಹಣ್ಣಿನ ಚೀಲಗಳು ಕಣದ ಅಂಚಿಗೆ ಬಂದು ಸೇರುತ್ತವೆ. ಮೇಸ್ತ್ರಿ ಒಂದೊಂದನ್ನೇ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸುತ್ತಾರೆ, ನಾನು ಮುಳ್ಳನ್ನು ನೋಡಿ ಕಿಲೋ ಕೂಗಿ, ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಆದರೆ ಇಷ್ಟು ವರ್ಷ ನಾನು ಕೂಗಿದ್ದು ಮುಳ್ಳು ತೋರಿಸಿದ ತೂಕವನ್ನಲ್ಲ, ಅದರಲ್ಲಿ ಎರಡು ಕಿಲೋ ಕಳೆದು ಉಳಿದದ್ದನ್ನು. 'ಚೀಲದ ತೂಕ' ಎಂಬ ಹೆಸರಿನ ಈ ಕಡಿತ ನನಗಿಂತ ಹಿಂದಿನ ರೈಟರ ಕಾಲದಿಂದ ಬಂದದ್ದು. ಆಗ ಗೋಣಿಚೀಲಗಳಿದ್ದವು, ಮಂಜಿಗೂ ಹಣ್ಣಿನ ರಸಕ್ಕೂ ನೆನೆದ ಗೋಣಿ ಕೈಗೆ ಭಾರವೆನಿಸುತ್ತಿತ್ತು. ಈಗ ಎಲ್ಲರ ಬಳಿ ಇರುವುದು ಗೊಬ್ಬರ ತುಂಬಿ ಬಂದ ಪ್ಲಾಸ್ಟಿಕ್ ಚೀಲಗಳು. ಗೋಣಿ ಹೋಯಿತು, ಕಡಿತ ಉಳಿಯಿತು.

ಕಳೆದ ಜನವರಿಯ ಒಂದು ಗುರುವಾರ, ತೂಕ ಮುಗಿದು ಎಲ್ಲರೂ ಕೂಲಿಯವರ ಲೈನ್ ಮನೆಗಳ ಕಡೆ ನಡೆದ ಮೇಲೆ, ಒಂದು ಖಾಲಿ ಚೀಲ ಕೊಕ್ಕೆಯಲ್ಲೇ ತೂಗಾಡುತ್ತಿತ್ತು. ಅದನ್ನು ಬಿಡಿಸಲು ಹೋದವನು ಅಭ್ಯಾಸಬಲದಿಂದ ಮುಳ್ಳನ್ನು ನೋಡಿದೆ. ಮುಳ್ಳು ಸೊನ್ನೆಯಿಂದ ಕದಲಿರಲಿಲ್ಲ.

ಆ ರಾತ್ರಿ ಲೆಕ್ಕ ಹಾಕಿದೆ. ಒಬ್ಬರು ದಿನಕ್ಕೆ ಎರಡು ಚೀಲ ತಂದರೆ ನಾಲ್ಕು ಕಿಲೋ, ಕಿಲೋಗೆ 5 ರೂಪಾಯಿ ಕೂಲಿಯಂತೆ 20 ರೂಪಾಯಿ. ಆ ಕುಯ್ಲು ಶುರುವಾಗಿ 36 ದಿನಗಳಾಗಿದ್ದವು. ತಲೆಗೆ 720 ರೂಪಾಯಿ. 24 ಜನರಿಗೆ 17,280. ಹಿಂದಿನ ಎಂಟು ವರ್ಷಗಳ ಲೆಕ್ಕಕ್ಕೆ ಕೈ ಹಾಕುವ ಧೈರ್ಯ ಆ ರಾತ್ರಿ ನನಗೆ ಬರಲಿಲ್ಲ.

ನಮ್ಮ ಮನೆಯಲ್ಲಿ ರಾತ್ರಿ ಜಪಸರದ ನಂತರ ಅಮ್ಮ ಬೈಬಲಿನ ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದುವ ರೂಢಿಯಿದೆ. ಆ ವಾರ ಮತ್ತಾಯನ ಶುಭಸಂದೇಶದ ಬೆಟ್ಟದ ಪ್ರಸಂಗ ನಡೆದಿತ್ತು. ಮರುದಿನ ಏಳನೆಯ ಅಧ್ಯಾಯ ಬಂತು. ಇಕ್ಕಟ್ಟಾದ ಬಾಗಿಲಿನಿಂದ ಒಳಗೆ ಹೋಗಿರಿ ಎಂದು ಯೇಸುಸ್ವಾಮಿ ಹೇಳುವ ಆ ಭಾಗವನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ನಾಶಕ್ಕೆ ಒಯ್ಯುತ್ತದೆ ಎಂದು ಅಲ್ಲಿ ಹೇಳುವ ಅಗಲವಾದ ದಾರಿಯೆಂದರೆ ಕುಡಿತ, ಕಳವು, ವ್ಯಭಿಚಾರ ಎಂದೇ ನಾನು ತಿಳಿದಿದ್ದೆ. ಅದರಲ್ಲಿ ಹೋಗುವವರು ಬಹು ಜನ ಎಂಬ ಮಾತನ್ನು ಅಮ್ಮ ಓದಿದಾಗ, ಆ ಬಹು ಜನ ಬೇರೆ ಯಾರೂ ಅಲ್ಲ, ಹಿಂದಿನಿಂದ ನಡೆದು ಬಂದದ್ದು ಎಂದು ಹೇಳಿಕೊಂಡು ಪುಸ್ತಕ ತುಂಬಿಸುವ ನನ್ನಂಥವರೇ ಎಂದು ಹೊಳೆದು ಮೈ ಬಿಸಿಯಾಯಿತು. ಮೋಸದ ತಕ್ಕಡಿ ದೇವರಿಗೆ ಅಸಹ್ಯ ಎಂದು ಬೈಬಲಿನ ಜ್ಞಾನೋಕ್ತಿಗಳ ಗ್ರಂಥದ ಹನ್ನೊಂದನೆಯ ಅಧ್ಯಾಯ ಶುರುವಾಗುತ್ತದೆ. ಅದನ್ನು ಚರ್ಚಿನಲ್ಲಿ ವಾಚಕನಾಗಿ ಓದುವಾಗಲೂ ನನಗೆ ಕಣ್ಣೆದುರು ಬರುತ್ತಿದ್ದುದು ಸಂತೆಯ ವ್ಯಾಪಾರಿಯೇ ಹೊರತು ನಮ್ಮ ಕಣವಲ್ಲ.

ಸುಲಭದ ದಾರಿಯೊಂದು ಕೂಡಲೇ ಕಂಡಿತು, ಅದು ಒಳ್ಳೆಯ ದಾರಿಯಂತೆಯೇ ಕಾಣುತ್ತಿತ್ತು. ಸೋಮವಾರದಿಂದ ಕಡಿತವನ್ನು ಸದ್ದಿಲ್ಲದೆ ನಿಲ್ಲಿಸುವುದು, ನಡೆದುಹೋದದ್ದನ್ನು ಪಾಪನಿವೇದನೆಯಲ್ಲಿ ಹೇಳಿ ಕ್ಷಮೆ ಪಡೆಯುವುದು. ಆ ಹಣ ನನ್ನ ಜೇಬಿಗೆ ಬಂದದ್ದಲ್ಲ ಎಂಬ ಸಮಾಧಾನವೂ ಜೊತೆಗಿತ್ತು. ಶನಿವಾರ ಬೆಳಿಗ್ಗೆ ಬೇಗ ಹೋಗಿ ಫಾದರ್ ಮುಂದೆ ಮೊಣಕಾಲೂರಿದೆ. ಅವರು ಎಲ್ಲವನ್ನೂ ಕೇಳಿ, "ಕಳೆದುಕೊಂಡವರಿಗೆ ಈ ವಿಷಯ ಗೊತ್ತೇ?" ಎಂದು ಒಂದೇ ಪ್ರಶ್ನೆ ಕೇಳಿದರು. ಇಲ್ಲ ಎಂದೆ. ಜಕ್ಕಾಯನ ಕಥೆಯನ್ನು ನೆನಪಿಸಿದರು. ಸುಂಕ ವಸೂಲಿಯ ಆ ಮನುಷ್ಯ, ಯಾರಿಂದಲಾದರೂ ಅನ್ಯಾಯವಾಗಿ ಕಸಿದಿದ್ದರೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂದು ಎದ್ದು ನಿಂತು ಹೇಳಿದ ಮೇಲೆಯೇ, ಇಂದು ಈ ಮನೆಗೆ ರಕ್ಷಣೆ ಬಂತು ಎಂದು ಯೇಸುಸ್ವಾಮಿ ನುಡಿದದ್ದು. 1992ರಲ್ಲಿ ಪ್ರಕಟವಾದ ನಮ್ಮ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಇದೇ ಜಕ್ಕಾಯನನ್ನು ಮುಂದಿಟ್ಟು, ಕಸಿದದ್ದನ್ನು ಅದರ ಒಡೆಯರಿಗೆ ಮರಳಿಸಬೇಕು ಎನ್ನುತ್ತದೆ. ನನಗೆ ಪಾಪವಿಮೋಚನೆ ಸಿಕ್ಕಿತು. ಆದರೆ ಆ ಪ್ರಶ್ನೆ ನನ್ನ ಜೊತೆಗೇ ಬೈಕಿನಲ್ಲಿ ತೋಟದವರೆಗೆ ಬಂತು.

ಅಂದು ಬಟವಾಡೆ. ಮಧ್ಯಾಹ್ನ ಯಜಮಾನರ ಮನೆಯ ಜಗಲಿಯಲ್ಲಿ ನಿಂತು ಲೆಕ್ಕದ ಹಾಳೆಯನ್ನು ಅವರ ಮುಂದಿಟ್ಟೆ. ಅವರು ಕೆಟ್ಟವರಲ್ಲ, ಕೂಲಿಯವರ ಕಾಯಿಲೆ ಕಸಾಲೆಗೆ ಜೀಪು ಕಳಿಸುವವರು. ಹಾಳೆಯನ್ನು ಎರಡು ಸಲ ಓದಿ, "ಸೋಮವಾರದಿಂದ ಹಿಡಿಯಬೇಡಿ ರೈಟ್ರೇ. ಹಳೆಯದು ಹಳೆಯದಾಯಿತು. ಜನರ ಮುಂದೆ ಹೇಳಬೇಡಿ, ನಾಳೆ ಎಲ್ಲ ತೋಟದವರೂ ನನ್ನನ್ನು ಕೇಳುತ್ತಾರೆ" ಎಂದರು.

"ಹೇಳದೆ ಇರುವುದಕ್ಕೆ ನನ್ನಿಂದ ಆಗುವುದಿಲ್ಲ ಸಾರ್. ಕೂಗಿದ ಬಾಯಿ ನನ್ನದು" ಎಂದೆ. ಕೆಲಸ ಹೋಗಬಹುದೆಂದು ಗೊತ್ತಿತ್ತು. ಮಗಳ ಕಾಲೇಜಿನ ಶುಲ್ಕ ಆ ತಿಂಗಳೇ ಕಟ್ಟಬೇಕಿತ್ತು, ಮತ್ತು ಆ ಕ್ಷಣದಲ್ಲಿ ನನ್ನ ಮನಸ್ಸಿನಲ್ಲಿದ್ದುದು ಬೈಬಲಲ್ಲ, ಆ ಶುಲ್ಕ. ಅವರು ಬಹಳ ಹೊತ್ತು ಕಣದ ಕಡೆ ನೋಡುತ್ತಿದ್ದು, "ನಿಮ್ಮಿಷ್ಟ" ಎಂದು ಒಳಗೆ ಹೋದರು. ಅದು ಅನುಮತಿಯೋ ಎಚ್ಚರಿಕೆಯೋ ನನಗೆ ತಿಳಿಯಲಿಲ್ಲ.

ಸಂಜೆ ಹಣ ಎಣಿಸಿ ಕೊಡುವ ಮೊದಲು ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಯಾರೂ ಕೂಗಾಡಲಿಲ್ಲ. ಮುಂದಿನ ಸಾಲಿನಲ್ಲಿದ್ದ, ನಮ್ಮ ತೋಟಕ್ಕೆ ನನಗಿಂತಲೂ ಮೊದಲು ಬಂದ ಹಿರಿಯ ಹೆಂಗಸೊಬ್ಬರು ಸೆರಗಿನಿಂದ ಕೈ ಒರೆಸಿಕೊಂಡು, "ನಮಗೆ ಗೊತ್ತಿತ್ತು ರೈಟ್ರೇ. ಚೀಲ ಹೊತ್ತವಳಿಗೆ ತೂಕ ಗೊತ್ತಾಗಲ್ವಾ?" ಎಂದರು. ಒಂಬತ್ತು ವರ್ಷ ದಿನವೂ ಸಂಜೆ ನಾನು ಕೂಗಿದ ಸುಳ್ಳನ್ನು ಸುಳ್ಳೆಂದು ತಿಳಿದೇ ಅವರೆಲ್ಲ ತಲೆಯಾಡಿಸಿ ಹೋಗುತ್ತಿದ್ದರು. ಬಚ್ಚಿಡಬೇಕೋ ಹೇಳಬೇಕೋ ಎಂದು ಎರಡು ರಾತ್ರಿ ನಾನು ಒದ್ದಾಡಿದ ಗುಟ್ಟು ನನ್ನೊಬ್ಬನಿಗೆ ಮಾತ್ರ ಗುಟ್ಟಾಗಿತ್ತು.

ಆ ಕುಯ್ಲಿನ 17,280 ರೂಪಾಯಿಯನ್ನು ಯಜಮಾನರು ಮುಂದಿನ ಮೂರು ಬಟವಾಡೆಗಳಲ್ಲಿ ಕೊಟ್ಟರು. ಕೊಡುವಾಗ ನನ್ನ ಮುಖ ನೋಡಲಿಲ್ಲ. ಕೊನೆಯ ಕಂತು ಎಣಿಸಿಕೊಂಡ ದಿನ ಅದೇ ಹಿರಿಯರು ಮೇಜಿನ ಬಳಿಯೇ ನಿಂತರು. "ಹೋದ ವರ್ಷ ನನ್ನ ತಂಗಿ ಬಂದಿದ್ದಳಲ್ಲ, ಈಗ ಸಕಲೇಶಪುರದ ಕಡೆ ಇದ್ದಾಳೆ. ಅವಳದ್ದು?" ಎಂದು ಕೇಳಿದರು.

ನಾನು ಕಪಾಟು ತೆರೆದು ಹಿಂದಿನ ವರ್ಷದ ಪುಸ್ತಕವನ್ನು ಹೊರತೆಗೆದು, ಆ ತಂಗಿಯ ಹೆಸರಿನ ಪುಟವನ್ನು ಹುಡುಕತೊಡಗಿದೆ.