ಅಡುಗೆ ಮನೆ ಎಲ್ಲಪ್ಪ ನಿನ್ ಸಿನಿಮಾದಲ್ಲಿ?

ಜನರ ಬದುಕು, ಆಚರಣೆ, ಕಸುಬು ಇವುಗಳ ಬಗ್ಗೆಯೇ ತೆಗೆದ ಡಾಕ್ಯುಮೆಂಟರಿಗಳ ಚಿತ್ರೋತ್ಸವಕ್ಕೆ ಹಾಸನಕ್ಕೆ ಹೋಗ್ತೀನಿ ಅಂದಾಗ ಮನೆಯಲ್ಲಿ ನಕ್ಕರು. "ಜನ ನೋಡೋಕೆ ಹಾಸನಕ್ಯಾಕೆ, ಜಗಲಿ ಮೇಲೆ ಕೂತ್ಕೋ" ಅಂದರು ಅಪ್ಪ. ಚಿತ್ರೋತ್ಸವ ಅಂದರೆ ಕೆಂಪು ಹಾಸು ಎಲ್ಲ ನೆನೆಸಿಕೊಳ್ಳಬೇಡಿ. ಒಂದು ಸಣ್ಣ ಹಾಲ್, ಪ್ಲಾಸ್ಟಿಕ್ ಕುರ್ಚಿ, ಬಾಡಿಗೆ ಪ್ರೊಜೆಕ್ಟರ್, ಕೆಲವು ಮೇಷ್ಟ್ರುಗಳು ಮತ್ತು ನಾಟಕದ ಹುಡುಗರು ಸೇರಿ ಮಾಡಿದ್ದು. ಟಿಕೆಟ್ ಇಲ್ಲ. ಮಧ್ಯಾಹ್ನ ಚಿತ್ರಾನ್ನ ಇತ್ತು, ಚೆನ್ನಾಗಿಯೂ ಇತ್ತು.

ಮೊದಲು ಹಾಕಿದ್ದು 'ನಾನೂಕ್ ಆಫ್ ದ ನಾರ್ತ್'. ರಾಬರ್ಟ್ ಫ್ಲಾಹರ್ಟಿ 1922ರಲ್ಲಿ ಬಿಡುಗಡೆ ಮಾಡಿದ ಮೂಕಿ ಚಿತ್ರ, ಕೆನಡಾದ ಉತ್ತರದ ಹಿಮದಲ್ಲಿ ಬದುಕುವ ಇನುಯಿಟ್ ಜನರದ್ದು. ಇಂಥ ಚಿತ್ರಗಳ ಮಾತು ಬಂದರೆ ಎಲ್ಲರೂ ಇದರಿಂದಲೇ ಶುರು ಮಾಡುತ್ತಾರೆ, ಬೈಯುವವರೂ ಸೇರಿ. ಬೈಯೋಕೆ ಕಾರಣ ಇದೆ. ನಾನೂಕ್ ಅನ್ನೋದು ಆ ಮನುಷ್ಯನ ಹೆಸರೇ ಅಲ್ಲ, ನಿಜವಾದ ಹೆಸರು ಅಲ್ಲಕರಿಯಲ್ಲಕ್. ಹೆಂಡತಿ ಅಂತ ತೋರಿಸಿದವಳು ಹೆಂಡತಿ ಅಲ್ಲ. ಅಷ್ಟು ಹೊತ್ತಿಗೆ ಅವರ ಕೈಗೆ ಬಂದೂಕು ಬಂದಿತ್ತು, ಆದರೂ ಹಳೇ ಕಾಲದ ಹಾಗೆ ಈಟಿಯಲ್ಲೇ ಬೇಟೆ ಆಡಿ ಅಂದಿದ್ದ ಫ್ಲಾಹರ್ಟಿ. ಹಿಮದ ಮನೆಯೊಳಗೆ ಕ್ಯಾಮೆರಾಕ್ಕೆ ಬೆಳಕು ಸಾಲದು ಅಂತ ಒಂದು ಕಡೆ ತೆರೆದೇ ಇಟ್ಟ ದೊಡ್ಡ ಮನೆ ಕಟ್ಟಿಸಿದ್ದ. ಚಿತ್ರದ ಬಗ್ಗೆ ಮಾತಾಡಿದ ಮೇಷ್ಟ್ರು ಇಷ್ಟು ಹೇಳಿದ್ದೇ ತಡ, ನಮ್ಮ ಹಿಂದಿನ ಸಾಲಿನ ಹುಡುಗ "ಹಾಗಾದ್ರೆ ಪೂರ್ತಿ ನಾಟಕನಾ ಸಾರ್?" ಅಂದ. ಮೇಷ್ಟ್ರು ಅದಕ್ಕೆ ಬಹಳ ಹೊತ್ತು ಉತ್ತರ ಹೇಳಿದರು. ಹೇಳುತ್ತಲೇ ಇದ್ದರು.

ನನಗೆ ಅದಕ್ಕಿಂತ ಹಿಡಿಸಿದ್ದು ಬೇರೆ ಸಂಗತಿ. ಫ್ಲಾಹರ್ಟಿ ಫಿಲ್ಮ್ ತೊಳೆಯುವ ಸಾಮಾನು, ಪ್ರೊಜೆಕ್ಟರ್ ಎಲ್ಲ ಅಲ್ಲಿಗೇ ಹೊತ್ತುಕೊಂಡು ಹೋಗಿದ್ದನಂತೆ. ತೆಗೆದಿದ್ದನ್ನು ಅಲ್ಲೇ ತೊಳೆದು ಅವರಿಗೇ ತೋರಿಸುತ್ತಿದ್ದ. ವಾಲ್ರಸ್ ಅನ್ನೋ ಉದ್ದ ಕೋರೆಯ ದೊಡ್ಡ ಕಡಲ ಪ್ರಾಣಿಯ ಬೇಟೆಯ ರೀಲ್ ಹಾಕಿದಾಗ ನೋಡುತ್ತಿದ್ದವರು ಎದ್ದು ಹಿಡಿ, ಬಿಡಬೇಡ ಅಂತ ಕೂಗಿದ್ದರಂತೆ. ಬೇಟೆ ಆಡಿದವರೂ ಅಲ್ಲೇ ಇದ್ದರು, ವಾಲ್ರಸ್ ಆಗಲೇ ಸತ್ತಿತ್ತು!

ಆಮೇಲೆ ಇನ್ನೊಬ್ಬ ಮೇಷ್ಟ್ರು ಜ್ಯಾಂ ರೂಶ್ ಕಥೆ ಹೇಳಿದರು. ಫ್ರಾನ್ಸಿನವನು, ರಸ್ತೆ ಕೆಲಸದ ಇಂಜಿನಿಯರ್ ಆಗಿ ಆಫ್ರಿಕಾದ ನೈಜರ್‌ಗೆ ಹೋದವನು ಮುಂದೆ ಅಲ್ಲಿಯ ಜನರ ಮೇಲೇ ಸಾಲುಸಾಲು ಸಿನಿಮಾ ತೆಗೆದ. ನೈಜರ್ ನದಿಯಲ್ಲಿ ಹಿಪ್ಪೋ ಬೇಟೆ ಆಡುವ ಸೋರ್ಕೋ ಬೆಸ್ತರ ಬಗ್ಗೆ 1951ರಲ್ಲಿ ಒಂದು ಚಿತ್ರ ಮಾಡಿದ. ಬೇಟೆಯ ದೃಶ್ಯ ಬಿಗಿಯಾಗಲಿ ಅಂತ ಬೇಟೆಗಾರರದ್ದೇ ಹಾಡಿನ ಸಂಗೀತ ಹಿಂದೆ ಹಾಕಿದ್ದ. ಕೆಲವು ವರ್ಷ ಆದ ಮೇಲೆ ಅದೇ ಊರಿಗೆ ಹೋಗಿ ತೋರಿಸಿದರೆ ಆ ಬೆಸ್ತರು ತಕರಾರು ತೆಗೆದರು: ಬೇಟೆಯಲ್ಲಿ ಯಾರಾದರೂ ಸದ್ದು ಮಾಡ್ತಾರಾ, ಹಿಪ್ಪೋಗೆ ಕೇಳಿಸಿ ಓಡಿಹೋಗಲ್ವಾ? ರೂಶ್ ಸಂಗೀತ ತೆಗೆದುಹಾಕಿದ. ಪ್ಯಾರಿಸ್‌ನ ಯಾವ ವಿಮರ್ಶಕನಿಗೂ ಹೊಳೆಯದ ತಪ್ಪು ಅದು. ಆತ ಸಮಾಜಶಾಸ್ತ್ರಜ್ಞ ಎಡ್ಗರ್ ಮೊರಾಂ ಜೊತೆ ಮಾಡಿದ 'ಕ್ರಾನಿಕಲ್ ಆಫ್ ಎ ಸಮ್ಮರ್' (1961) ಕೂಡ ಇತ್ತು. ಪ್ಯಾರಿಸ್ ಜನರನ್ನು ನೀವು ಸುಖವಾಗಿದ್ದೀರಾ ಅಂತ ಕೇಳುತ್ತಾ ಹೋಗುವ ಚಿತ್ರ. ಕೊನೆಯಲ್ಲಿ ಅದರಲ್ಲಿ ಮಾತಾಡಿದವರನ್ನೇ ಕೂರಿಸಿ ಚಿತ್ರ ತೋರಿಸುತ್ತಾರೆ, ಅವರು ಇದು ಸುಳ್ಳು, ಇದು ಅತಿಯಾಯಿತು ಅಂತ ಜಗಳ ಆಡುತ್ತಾರೆ, ಆ ಜಗಳವೂ ಚಿತ್ರದೊಳಗೇ ಇದೆ. ಉಳಿದ ಭಾಗ ನನಗೆ ಸ್ವಲ್ಪ ಬೋರ್ ಹೊಡೆಸಿತು, ನಿಜ ಹೇಳ್ತೀನಿ.

ರಾಬರ್ಟ್ ಗಾರ್ಡನರ್‌ನ 'ಫಾರೆಸ್ಟ್ ಆಫ್ ಬ್ಲಿಸ್' (1986) ಕಾಶಿಯ ಚಿತ್ರ. ವಿವರಣೆಯ ದನಿ ಇಲ್ಲ, ಸಬ್‌ಟೈಟಲ್ ಇಲ್ಲ. ದೋಣಿ, ಚೆಂಡುಹೂವು, ಬಿದಿರಿನ ಚಟ್ಟ, ನಾಯಿಗಳು, ಅಷ್ಟೇ. ಏನೂ ವಿವರಿಸದೆ ಬಿಟ್ಟಿದ್ದು ತಪ್ಪು ಅಂತ ವಿದ್ವಾಂಸರು ಗಾರ್ಡನರ್ ಮೇಲೆ ಸಿಟ್ಟಾಗಿದ್ದರಂತೆ. ಹಾಸನದಲ್ಲಿ ಆ ತೊಂದರೆ ಬರಲಿಲ್ಲ. ಕಾಶಿಗೆ ಹೋಗಿಬಂದ ಹಿರಿಯರೊಬ್ಬರು ಮೂರನೇ ಸಾಲಲ್ಲಿ ಕೂತು ಯಾವ ಘಾಟ್, ಸೌದೆ ಎಲ್ಲಿಂದ ಬರುತ್ತೆ, ದೋಣಿಯವರ ಹತ್ತಿರ ಹೇಗೆ ಚೌಕಾಸಿ ಮಾಡಬೇಕು ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಾ ಹೋದರು. ಮೊದಲು ಸಿಟ್ಟು ಬಂತು. ಆಮೇಲೆ ಅವರು ಸುಮ್ಮನಾದಾಗ ನಾನೇ ಆ ಕಡೆ ತಿರುಗಿ ನೋಡಿದೆ.

ಸಂಜೆಗೆ ಇದ್ದಿದ್ದು ಒಬ್ಬ ಕಾಲೇಜು ಹುಡುಗನ ಚಿತ್ರ, ಸಕಲೇಶಪುರದ ಕಡೆಯ ಒಂದು ಊರಿನ ಸುಗ್ಗಿ. ಸುಗ್ಗಿ ಗೊತ್ತಿಲ್ಲದವರಿಗೆ: ಮಲೆನಾಡಿನ ಈ ಭಾಗದಲ್ಲಿ ಮಳೆಗಾಲಕ್ಕೆ ಮುಂಚೆ ಊರ ದೇವರಿಗೆ ಮಾಡುವ ಹಬ್ಬ, ಊರೂರಿಗೂ ಬೇರೆ ಬೇರೆ ಕಟ್ಟುಪಾಡು, ಬೆಂಗಳೂರಲ್ಲಿ ಇರುವವರೂ ರಜೆ ಹಾಕಿ ಬಂದು ಕುಣಿಯುತ್ತಾರೆ. ಆ ಊರಿನವರು ಒಂದು ಟಿಟಿ ವ್ಯಾನ್ ಮಾಡಿಕೊಂಡು ಬಂದಿದ್ದರು. ಲೈಟ್ ಆರಿಸಿದ ಮೇಲೆ ನಾನು ತೆರೆ ನೋಡಿದ್ದು ಕಮ್ಮಿ, ಅವರನ್ನು ನೋಡಿದ್ದೇ ಜಾಸ್ತಿ. ನಾವೆಲ್ಲ ಕುಣಿತ, ವೇಷ, ದೇವರನ್ನು ಹೊತ್ತ ಅಡ್ಡೆ ನೋಡುತ್ತಿದ್ದರೆ ಅವರು ನೋಡುತ್ತಿದ್ದುದು ಮನುಷ್ಯರನ್ನು. ಯಾರು ಯಾರ ಪಕ್ಕ ನಿಂತಿದ್ದಾರೆ, ಯಾರ ಅಂಗಿ ಯಾರ ಮೈಮೇಲಿದೆ, ಹಿಂದೆ ಕಾಣುವ ಹಲಸಿನ ಮರ ಈಗ ಇಲ್ಲ. ಡೋಲು ಬಾರಿಸುವ ಮುದುಕರೊಬ್ಬರು ತೆರೆ ಮೇಲೆ ಬಂದಾಗ ಗಲಾಟೆ ನಿಂತಿತು. ಹೋದ ಮಳೆಗಾಲದಲ್ಲಿ ತೀರಿಕೊಂಡರಂತೆ. "ಇನ್ನೊಂದ್ ಸಲ ಹಾಕಪ್ಪ ಅದನ್ನ" ಅಂದರು ಒಬ್ಬರು. ಹುಡುಗ ಹಿಂದಕ್ಕೆ ಹೋಗಿ ಮತ್ತೆ ಹಾಕಿದ. ಯಾವ ದೊಡ್ಡ ಚಿತ್ರೋತ್ಸವದಲ್ಲಿ ಹೀಗೆ ಮಾಡ್ತಾರೆ ಹೇಳಿ?

ಮುಗಿದ ಮೇಲೆ ಮೇಷ್ಟ್ರುಗಳು ಆಚರಣೆ, ಅನನ್ಯತೆ, ಜಾಗತೀಕರಣ ಅಂತೆಲ್ಲ ಶುರು ಮಾಡುವಷ್ಟರಲ್ಲಿ ಟಿಟಿಯಲ್ಲಿ ಬಂದಿದ್ದ ಹೆಂಗಸೊಬ್ಬರು ಎದ್ದು ನಿಂತರು. "ಚೆನ್ನಾಗೈತೆ ಕಣಪ್ಪ. ಆದ್ರೆ ಊರಿಗೂರೇ ಬಂದ್ ಉಂಡ್ ಹೋಯ್ತು, ರಾತ್ರಿ ಎಲ್ಲ ನಿದ್ದೆಗೆಟ್ಟು ಬೇಯಿಸಿದ್ದು ನಾವು. ಅಡುಗೆ ಮನೆ ಎಲ್ಲಪ್ಪ ನಿನ್ ಸಿನಿಮಾದಲ್ಲಿ?" ಹುಡುಗ ಕೆಂಪಗಾದ. "ನಾವೆಲ್ಲ ಹುಡುಗ್ರೇ ಇದ್ವಿ ಅಮ್ಮ, ಒಳಗೆ ಬರೋಕೆ ಸಂಕೋಚ ಆಯ್ತು" ಅಂದ. "ಊಟಕ್ಕೆ ಬಂದಾಗ ಇರ್ಲಿಲ್ವಾ ಸಂಕೋಚ?" ಹಾಲ್ ಪೂರ್ತಿ ನಗು. ಅವರು ಮಾತ್ರ ನಗಲಿಲ್ಲ, ಉತ್ತರಕ್ಕೆ ಕಾದು ನಿಂತೇ ಇದ್ದರು.

ನೂರು ವರ್ಷದಿಂದ ಯಾರು ಯಾರನ್ನು ಯಾಕೆ ಚಿತ್ರ ತೆಗೆಯಬೇಕು ಅಂತ ವಿದ್ವಾಂಸರು ಪುಟಗಟ್ಟಲೆ ಬರೆದಿದ್ದಾರೆ, ಬರೆಯಲಿ. ಆದರೆ ಇಂಥ ಚಿತ್ರ ಮಾಡುವವರು ಸ್ಪರ್ಧೆಗೆ ಕಳಿಸುವ ಮುಂಚೆ ಆ ಊರಲ್ಲಿ ಒಂದು ಪಂಚೆಯನ್ನೇ ತೆರೆಯಾಗಿ ಕಟ್ಟಿ ತೋರಿಸಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಆಗಲೇ. ಊರಿನವರು ಹೇಳಿದ್ದೆಲ್ಲ ಸರಿ ಅಂತಲ್ಲ. ಕುಡಿದು ತೂರಾಡುವ ದೃಶ್ಯ ತೆಗೆದುಹಾಕಿ ಅಂತ ಒಬ್ಬರು ಹಟ ಹಿಡಿದರು, ಹುಡುಗ ಒಪ್ಪಲಿಲ್ಲ, ಒಪ್ಪದೇ ಇದ್ದಿದ್ದು ಸರಿ ಅಂತಲೇ ನನ್ನ ಲೆಕ್ಕ. ಆದರೆ ಆ ಜಗಳ ಅವರ ಮುಂದೆಯೇ ಆಗಬೇಕು ಅಲ್ವಾ?

ಮುಂದಿನ ಸುಗ್ಗಿಗೆ ಹುಡುಗ ಮತ್ತೆ ಹೋಗುತ್ತಾನೆ. ಅಡುಗೆ ಮನೆಯಲ್ಲಿ ಕ್ಯಾಮೆರಾ ಹಿಡಿಯೋಕೆ ಅವನ ತಂಗಿ ಬರುತ್ತಾಳಂತೆ. ಅದಕ್ಕೂ ಮುಂಚೆ ಈಗಿನ ಚಿತ್ರವನ್ನು ಊರಿನ ಶಾಲೆಯ ಗೋಡೆ ಮೇಲೆ, ಸಂಜೆ ಡೈರಿಗೆ ಹಾಲು ಹಾಕಿ ಬಂದ ಮೇಲೆ ತೋರಿಸಬೇಕು ಅನ್ನೋದು ಹೆಂಗಸರ ಷರತ್ತು. ಬಾಡಿಗೆ ಪ್ರೊಜೆಕ್ಟರ್ ಘಟ್ಟದ ಕಡೆಗೆ ಕಳಿಸಲ್ಲ ಅಂದಿದ್ದಾರೆ. ಸಕಲೇಶಪುರದ ಆಸುಪಾಸಿನಲ್ಲಿ ಯಾರ ಹತ್ತಿರವಾದರೂ ಇದ್ದರೆ ಒಂದು ರಾತ್ರಿ ಮಟ್ಟಿಗೆ ಕೊಡಿ, ಜನರೇಟರ್ ಊರಿನವರೇ ತರುತ್ತಾರೆ.